ನಮ್ಮ ಕೆಲಸಕ್ಕೆ ಸಾಕ್ಷಿ ತೆರೆಯ ಮೇಲೇ ಇದೆ: ಕಾರ್ಮಿಕ ಸಚಿವರಿಗೆ ಪೋಷಕ ನಟಿಯೊಬ್ಬಳ ಪತ್ರ

ಮಾನ್ಯ ಕಾರ್ಮಿಕ ಸಚಿವರಿಗೆ ನಮಸ್ಕಾರ.

ನಾನು 26 ವರ್ಷಗಳಿಂದ ಸಿನಿಮಾ, ಸೀರಿಯಲ್‌ಗಳಲ್ಲಿ ತಾಯಿ, ಅತ್ತೆ, ಪಕ್ಕದ ಮನೆಯಾಕೆ ಆಗಿ ನಟಿಸುತ್ತಿದ್ದೇನೆ. ಬಸ್ಸಿನಲ್ಲಿ ಜನ ಗುರುತು ಹಿಡಿಯುತ್ತಾರೆ. ಹೆಸರು ಗೊತ್ತಿರುವುದಿಲ್ಲ, 'ನೀವು ಆ ಸೀರಿಯಲ್ ಅತ್ತೆ ಅಲ್ವಾ?' ಅಂತಾರೆ. ನನಗೆ ಅದೇ ದೊಡ್ಡ ಖುಷಿ. ಆದರೆ ಅರ್ಜಿಯಲ್ಲಿ 'ಕಲಾವಿದೆ' ಅಂತ ಬರೆದರೆ ಪುರಾವೆ ಕೇಳುತ್ತಾರೆ. ಆಗ ತೋರಿಸಲು ಕೈಯಲ್ಲಿ ಒಂದು ಕಾಗದವೂ ಇರುವುದಿಲ್ಲ.

1954ರ 'ಬೇಡರ ಕಣ್ಣಪ್ಪ'ದಲ್ಲಿ ಡಾ. ರಾಜ್‌ಕುಮಾರ್ ಅವರಿಗೆ ಪಂಡರಿಬಾಯಿ ನಾಯಕಿ. 1986ರ 'ಅನುರಾಗ ಅರಳಿತು' ಹೊತ್ತಿಗೆ ಅದೇ ನಾಯಕನಿಗೆ ಅವರು ತಾಯಿ. ತಾಯಿ ಪಾತ್ರಕ್ಕೆ ಅವರು ತಂದ ಘನತೆ ನೋಡಿಯೇ ನನ್ನಂಥವರು ಕೆಲಸ ಕಲಿತದ್ದು. ಆದರೂ ಒಂದು ಮಾತು ಹೇಳಲೇಬೇಕು. ಹೆಣ್ಣಿಗೆ ಸ್ವಲ್ಪ ವಯಸ್ಸಾದರೆ ತಾಯಿ, ಇನ್ನೂ ಸ್ವಲ್ಪ ಆದರೆ ಅಜ್ಜಿ. ಅಜ್ಜಿಗೆ ಜಾಗವಿರುವ ಕಥೆ ಎಷ್ಟಿರುತ್ತದೆ ಹೇಳಿ? ಅಭಿನಯ ಹದಕ್ಕೆ ಬರುವ ಹೊತ್ತಿಗೆ ಕಾಲ್‌ಶೀಟ್ ಕಮ್ಮಿಯಾಗುತ್ತದೆ.

ಸೀರಿಯಲ್‌ನಲ್ಲಿ ನಮಗೆ ದಿನದ ಲೆಕ್ಕ. ಕೆಲಸ ಮಾಡಿದ ದಿನಕ್ಕೆ ಮಾತ್ರ ಸಂಬಳ, ಅದೂ ಕೈಗೆ ಬರಲು ತಿಂಗಳುಗಟ್ಟಲೆ ಕಾಯಬೇಕು. ಎಷ್ಟೋ ಸಲ ಸೀರೆ, ಬಳೆ ಎಲ್ಲ ನಮ್ಮದೇ. ಒಮ್ಮೆ ಎರಡು ವಾರ ಸೆಟ್‌ನಿಂದ ಫೋನ್ ಬರಲಿಲ್ಲ. ಮ್ಯಾನೇಜರ್‌ಗೆ ಕೇಳಿದರೆ 'ಹೇಳ್ತೀವಿ ಮೇಡಂ' ಅಂದರು. ಆಮೇಲೆ ಮನೆಯಲ್ಲಿ ಟಿವಿ ಹಾಕಿದಾಗ ನನ್ನ ಫೋಟೋಗೆ ಹಾರ ಬಿದ್ದಿತ್ತು. ಪಾತ್ರವನ್ನು ಸಾಯಿಸಿದ್ದರು. ಕಥೆ ತಿರುಗುವುದು ಸಹಜ, ಅದಕ್ಕೆ ಬೇಜಾರಿಲ್ಲ. ಮೊದಲೇ ಒಂದು ಮಾತು ಹೇಳಲಿಲ್ಲ ಅನ್ನುವುದೇ ನೋವು. ಬಾಕಿ ದುಡ್ಡು ಇವತ್ತಿಗೂ ಬಂದಿಲ್ಲ. ಬರೆದುಕೊಟ್ಟ ಒಪ್ಪಂದವೇ ಇಲ್ಲದಿದ್ದರೆ ಯಾರನ್ನು ಕೇಳುವುದು?

2024ರ ಜುಲೈನಲ್ಲಿ ಸಿನಿ ಮತ್ತು ಸಾಂಸ್ಕೃತಿಕ ಕಾರ್ಯಕರ್ತರ ಕ್ಷೇಮಾಭಿವೃದ್ಧಿ ವಿಧೇಯಕಕ್ಕೆ ವಿಧಾನಮಂಡಲ ಒಪ್ಪಿಗೆ ಕೊಟ್ಟಾಗ ನಿಜವಾಗಿಯೂ ಕಣ್ಣು ತುಂಬಿತು. ಸಿನಿಮಾ ಟಿಕೆಟ್, ಮನರಂಜನೆಗೆ ಕಟ್ಟುವ ಚಂದಾ ಹಣದ ಮೇಲೆ 1ರಿಂದ 2 ಪರ್ಸೆಂಟ್ ಸೆಸ್, ಅದರಿಂದ ನಮಗಾಗಿ ಒಂದು ನಿಧಿ, ಒಂದು ಮಂಡಳಿ. ನಮ್ಮನ್ನೂ ದುಡಿಯುವವರು ಅಂತ ಕಾನೂನು ಕರೆದಿದೆ. ಇದಕ್ಕೆ ನಿಮಗೂ ಸದನಕ್ಕೂ ಮನಸಾರೆ ಧನ್ಯವಾದ.

ಈಗ ನನ್ನ ಕೋರಿಕೆ. ಆ ಮಂಡಳಿಯಲ್ಲಿ ಹೆಸರು ನೋಂದಣಿಗೆ ನಮ್ಮಿಂದ ಸಂಬಳದ ಚೀಟಿ ಕೇಳಬೇಡಿ, ಅದು ನಮ್ಮಲ್ಲಿಲ್ಲ. ಪ್ರಸಾರವಾದ ಎಪಿಸೋಡ್, ಬಿಡುಗಡೆಯಾದ ಸಿನಿಮಾ, ಇವನ್ನೇ ದಾಖಲೆ ಅಂತ ಒಪ್ಪಿಕೊಳ್ಳಿ. ಟೈಟಲ್ ಕಾರ್ಡ್‌ನಲ್ಲಿ ಹೆಸರಿಲ್ಲದಿದ್ದರೂ ಮುಖ ಇರುತ್ತದಲ್ಲ? ಯಾರು ಯಾವ ದಿನ ಕೆಲಸ ಮಾಡಿದರು ಅನ್ನುವ ಪಟ್ಟಿಯನ್ನು ನಿರ್ಮಾಪಕರೇ ಪ್ರತಿ ತಿಂಗಳು ಮಂಡಳಿಗೆ ಕೊಡುವ ಹಾಗೆ ಮಾಡಿ. ಹೆರಿಗೆಗೋ ಅಪ್ಪ-ಅಮ್ಮನ ಕಾಯಿಲೆಗೋ ನಾಲ್ಕೈದು ವರ್ಷ ಬಿಟ್ಟು ಮತ್ತೆ ಬಂದವರು ನಮ್ಮಲ್ಲಿ ಜಾಸ್ತಿ. ಆ ಬಿಡುವಿನಿಂದ ಅವರ ಹಳೆಯ ವರ್ಷಗಳು ಅಳಿದುಹೋಗಬಾರದು.

ನನ್ನ ಹತ್ತಿರ ಹಳೆಯ ಡೈರಿಗಳಿವೆ. ಯಾವ ದಿನ ಯಾವ ಸೆಟ್, ಯಾವ ದೃಶ್ಯಕ್ಕೆ ಯಾವ ಸೀರೆ ಉಟ್ಟಿದ್ದೆ, ಎಲ್ಲ ಬರೆದಿದ್ದೇನೆ. ಮಾರನೇ ದಿನ ಅದೇ ದೃಶ್ಯ ಮುಂದುವರಿದರೆ ತಪ್ಪಬಾರದು ಅಂತ ಬರೆದಿಟ್ಟದ್ದು. ನೀವು ಕರೆದರೆ ಅವನ್ನೆಲ್ಲ ಚೀಲದಲ್ಲಿ ಹಾಕಿಕೊಂಡು ಬರುತ್ತೇನೆ.

ಇಂತಿ,
ಒಬ್ಬ ಪೋಷಕ ನಟಿ