ಮೊರಕ್ಕೆ ಹುರುಳಿ ಹಾಕಿದವಳಿಗೆ

ಪ್ರೀತಿಯ ಪುಟ್ಟಿಗೆ,

ಸಾಗರದಿಂದ ನಿನ್ನ ಸೋದರಮಾವ ಮಾಡುವ ಆಶೀರ್ವಾದಗಳು. ಇಲ್ಲಿ ಎಲ್ಲರೂ ಕ್ಷೇಮ. ಮಳೆ ಒಂದು ದಿನವೂ ಬಿಡುವು ಕೊಟ್ಟಿಲ್ಲ. ಅಡಿಕೆಗೆ ಎರಡನೇ ಸಲದ ಬೋರ್ಡೋ ಔಷಧಿ ಇನ್ನೂ ಹೊಡೆದಿಲ್ಲ ಅಂತ ನಿನ್ನ ಅತ್ತೆ ದಿನಾ ಮರ ಹತ್ತುವ ಕೊನೆಗೌಡನಿಗೆ ಫೋನ್ ಮಾಡುತ್ತಿದ್ದಾಳೆ.

ಪುಣೆಯ ಫಿಲ್ಮ್ ಇನ್‌ಸ್ಟಿಟ್ಯೂಟಿಗೆ ಹಾಕುವ ಅರ್ಜಿಗೆ ನೀನು ಬರೆದಿದ್ದನ್ನು ಮೂರು ಸಲ ಓದಿದೆ. ಫೋನಿನಲ್ಲಿ ಹೇಳಿದರೆ 'ಹೂಂ ಮಾವ, ಹೂಂ ಮಾವ' ಅಂದುಬಿಡುತ್ತೀಯ. ಅದಕ್ಕೇ ಕಾಗದ ಬರೆಯುತ್ತಿದ್ದೇನೆ. ಕೂತು ಓದು.

ಎರಡು ಪುಟದಲ್ಲಿ ನಾಟಕದ ಬಗ್ಗೆ ಇರುವುದು ಒಂದೇ ಸಾಲು. 'ಬಿಡುವಿನಲ್ಲಿ ಊರಿನ ಹವ್ಯಾಸಿ ನಾಟಕಗಳಲ್ಲಿ ಭಾಗವಹಿಸಿದ್ದೇನೆ.' ಅಷ್ಟೇ. ಉಳಿದದ್ದೆಲ್ಲ ಫ್ರಾನ್ಸ್, ಇರಾನ್, ಜಪಾನಿನ ನಿರ್ದೇಶಕರ ಹೆಸರು. ಆ ಸಿನಿಮಾಗಳನ್ನು ನೀನು ನಿಜವಾಗಿ ನೋಡಿದ್ದೀಯ, ರಾತ್ರಿ ನಿದ್ದೆಗೆಟ್ಟು ಅವುಗಳ ಬಗ್ಗೆ ಯೋಚಿಸಿದ್ದೀಯ. ನನಗೆ ಗೊತ್ತು. ಆದರೆ ಅರ್ಜಿ ಹಾಕುವ ಮಕ್ಕಳೆಲ್ಲ ಆ ಹೆಸರುಗಳನ್ನೇ ಬರೆಯುತ್ತಾರೆ ಅಲ್ವಾ? ಆರು ವರ್ಷ ನಾಟಕದ ತಂಡದಲ್ಲಿ ದುಡಿದವಳು ನೀನು. ಅದನ್ನು ಯಾಕೆ ಮುಚ್ಚಿಟ್ಟೆ? ನಾಚಿಕೆಯಾಯಿತೇನೋ ಅನ್ನಿಸಿ ನನಗೆ ಸಂಕಟವಾಯಿತು.

ಹೋದ ವರ್ಷದ ನಾಟಕ ನೆನಪು ಮಾಡಿಕೋ. ಅಜ್ಜಿಯ ಪಾತ್ರದವಳು ಮೊರ ಹಿಡಿದು ಅಕ್ಕಿ ಕೇರುವ ದೃಶ್ಯ. ರಿಹರ್ಸಲ್ ದಿನ ನಾನು ಕೊನೆಯ ಬೆಂಚಿನಲ್ಲಿ ಕೂತಿದ್ದೆ. ಶಾಲೆಯ ಹಾಲ್, ಮೇಲೆ ತಗಡು, ಹೊರಗೆ ಜಿಟಿಜಿಟಿ ಮಳೆ. ಅಜ್ಜಿ ಮೊರ ಆಡಿಸುತ್ತಿದ್ದಳು, ನನಗೆ ಏನೂ ಕೇಳುತ್ತಿರಲಿಲ್ಲ. ನೀನು ವೇದಿಕೆಯಿಂದ ಇಳಿದು ಹಿಂದಿನ ಗೋಡೆಯವರೆಗೂ ಬಂದೆ. ಕಣ್ಣು ಮುಚ್ಚಿಕೊಂಡು ನಿಂತೆ. ಆಮೇಲೆ ಓಡಿಹೋಗಿ ಅಕ್ಕಿ ಸುರಿಸಿ, ಮೊರಕ್ಕೆ ಎರಡು ಹಿಡಿ ಹುರುಳಿ ಹಾಕಿಸಿದೆ. ಸರಕ್, ಸರಕ್ ಅಂತ ಸದ್ದು ನನ್ನ ಬೆಂಚಿಗೂ ಬಂತು. ಮಗ ಊರು ಬಿಡುವ ಮಾತು ಎತ್ತಿದಾಗ ಅಜ್ಜಿಯ ಕೈ ನಿಂತಿತು, ಸದ್ದೂ ನಿಂತಿತು. ನಾಟಕದ ದಿನ ಆ ಗಳಿಗೆಯಲ್ಲಿ ಹಾಲ್‌ನಲ್ಲಿ ಒಬ್ಬರೂ ಕೆಮ್ಮಲಿಲ್ಲ.

ಪುಟ್ಟಿ, ನೀನು ಅವತ್ತು ಮಾಡಿದ್ದು ಸಿನಿಮಾದ ಕೆಲಸ. ಒಂದು ಸದ್ದನ್ನು ಕಟ್ಟಿ, ಸರಿಯಾದ ಜಾಗದಲ್ಲಿ ನಿಲ್ಲಿಸುವುದು. ನಾನು ಎಡಿಟಿಂಗ್ ರೂಮಿನಲ್ಲಿ ವರ್ಷಗಟ್ಟಲೆ ಕೂತು ಕಲಿತಿದ್ದನ್ನು ನೀನು ಎರಡು ಹಿಡಿ ಹುರುಳಿಯಲ್ಲಿ ಮಾಡಿ ತೋರಿಸಿದೆ. ಅರ್ಜಿಯಲ್ಲಿ ಅದನ್ನು ಬರಿ. ಮಳೆ, ತಗಡು, ಹುರುಳಿ ಎಲ್ಲ ಬರಿ.

ರಂಗಕರ್ಮಿ ಬಿ.ವಿ. ಕಾರಂತರು ಬಂಟ್ವಾಳದ ಕಡೆಯ ಮಂಚಿಯವರು. ಚಿಕ್ಕ ವಯಸ್ಸಿನಲ್ಲೇ ಮನೆ ಬಿಟ್ಟು ಗುಬ್ಬಿ ನಾಟಕ ಕಂಪನಿ ಸೇರಿದರು. ಕಲ್ಲು, ಬಿದಿರು, ಕೈಗೆ ಸಿಕ್ಕಿದ್ದರಲ್ಲೆಲ್ಲ ನಾಟಕಕ್ಕೆ ಸಂಗೀತ ತೆಗೆದವರು ಅವರು. ಅದೇ ಕಿವಿ ಹೊತ್ತುಕೊಂಡು ಸಿನಿಮಾಕ್ಕೆ ಬಂದರು. 1975ರ 'ಚೋಮನ ದುಡಿ' ಅವರ ನಿರ್ದೇಶನ. ರಾಷ್ಟ್ರಪ್ರಶಸ್ತಿಯಲ್ಲಿ ಅತ್ಯುತ್ತಮ ಚಿತ್ರ ಅನ್ನಿಸಿಕೊಂಡಿತು. ಎರಡು ವರ್ಷದ ಮೇಲೆ ಬಂದ 'ಘಟಶ್ರಾದ್ಧ'ಕ್ಕೆ ಸಂಗೀತ ಕೊಟ್ಟವರೂ ಅವರೇ. ಅದರ ನಿರ್ದೇಶಕ ಗಿರೀಶ ಕಾಸರವಳ್ಳಿ ನಮ್ಮ ತೀರ್ಥಹಳ್ಳಿ ಕಡೆಯವರು. ಫಾರ್ಮಸಿ ಓದಿ, ಆಮೇಲೆ ಪುಣೆಯ ಫಿಲ್ಮ್ ಇನ್‌ಸ್ಟಿಟ್ಯೂಟಿನಲ್ಲಿ ಕಲಿತು ಬಂದವರು. ನಾಟಕದಿಂದ ಬಂದ ಒಬ್ಬರು, ಫಿಲ್ಮ್ ಸ್ಕೂಲಿನಿಂದ ಬಂದ ಒಬ್ಬರು ಸೇರಿ ಅಂಥ ಚಿತ್ರವಾಯಿತು. ನಿನಗೆ ಆ ಎರಡು ದಾರಿಯನ್ನೂ ಒಬ್ಬಳೇ ನಡೆಯುವ ಅವಕಾಶ ಇದೆ.

ಹೆಗ್ಗೋಡು ನಮ್ಮ ಮನೆಯಿಂದ ಅರ್ಧ ಗಂಟೆಯ ದಾರಿ. ಅಲ್ಲಿನ ನಾಟಕ ಸಂಸ್ಥೆ ನೀನಾಸಂ ಶುರುವಾಗಿದ್ದು 1949ರಲ್ಲಿ, ಅವರ ಚಿತ್ರಸಮಾಜ 1973ರಲ್ಲಿ. ನಾನು ಹುಡುಗನಾಗಿದ್ದಾಗ ಅಲ್ಲಿ ಸಿನಿಮಾ ನೋಡಲು ಹೋಗುತ್ತಿದ್ದೆ. ನನ್ನ ಪಕ್ಕದಲ್ಲಿ ಕೂತಿದ್ದ ಹೆಂಗಸರ ಬೆರಳಲ್ಲಿ ಅಡಿಕೆ ಸುಲಿದ ಕರೆ ಹಾಗೇ ಇರುತ್ತಿತ್ತು. ಪರದೆ ಮೇಲೆ ಯಾವುದೋ ದೇಶದ ಭಾಷೆ. ಅಕ್ಷರ ಓದಲು ಬಾರದವರು ಮುಖ ಓದುತ್ತಿದ್ದರು. 'ಪಾಪ, ಊಟ ಮಾಡಿಲ್ಲ ಅವ್ನು' ಅಂತ ಒಬ್ಬಳು ಹೇಳಿದ್ದು ಈಗಲೂ ಕಿವಿಯಲ್ಲಿದೆ. ಇಂಟರ್‌ವ್ಯೂನಲ್ಲಿ ಯಾರಿಗಾಗಿ ಸಿನಿಮಾ ಮಾಡುತ್ತೀ ಅಂತ ಕೇಳಿದರೆ ನಿನಗೆ ಅವಳ ನೆನಪಾಗಲಿ.

ಇಷ್ಟೆಲ್ಲ ಹೇಳಿದೆ ಅಂತ ನಾಟಕವನ್ನು ಹಾಗೇ ಕ್ಯಾಮೆರಾ ಮುಂದೆ ಇಡಬೇಡ. ಆ ತಪ್ಪು ನಾನು ಮಾಡಿದ್ದೇನೆ. ನಾಟಕದವನು ಅಂತ ನನಗೆ ಮೊದಲು ಒಂದು ಸಣ್ಣ ಪಾತ್ರ ಸಿಕ್ಕಿತು. ಅಣ್ಣ ತಂಗಿಗೆ ಸಾವಿನ ಸುದ್ದಿ ಹೇಳುವ ದೃಶ್ಯ. ಕೊನೆಯ ಸಾಲಿಗೆ ಕೇಳುವ ಹಾಗೆ ಹೇಳಿದೆ, ಕ್ಯಾಮೆರಾ ಮೂರಡಿ ದೂರದಲ್ಲಿತ್ತು. ಆಮೇಲೆ ಆ ದೃಶ್ಯ ಕತ್ತರಿಸುವಾಗ ಎಡಿಟರ್ ಗುರುಗಳ ಪಕ್ಕ ನಿಂತಿದ್ದೆ. ಅವರು ಬಿಳಿ ಕೈಗವಸು ಹಾಕಿಕೊಂಡು, ಹಳದಿ ಪೆನ್ಸಿಲಿನಿಂದ ಫಿಲ್ಮಿನ ಮೇಲೆ ಗೆರೆ ಎಳೆದರು. ನನ್ನ ಮುಖ ಪೂರ್ತಿ ಹೋಯಿತು. ನನ್ನ ದನಿ ಮಾತ್ರ ಸಣ್ಣದಾಗಿ ಉಳಿಯಿತು. ಪರದೆ ಮೇಲೆ ಇದ್ದದ್ದು ಸುಮ್ನೆ ಕೇಳುತ್ತಾ ನಿಂತ ತಂಗಿಯ ಮುಖ. ಅವಳ ಗಂಟಲು ಒಂದು ಸಲ ಅಲುಗಿತು, ಅಷ್ಟೇ. ಅದನ್ನು ನೋಡಿ ನನಗೇ ಅಳು ಬಂತು. ಮಾರನೇ ವಾರ ನಟನೆ ಬಿಟ್ಟು ಆ ರೂಮಿನಲ್ಲಿ ಅಸಿಸ್ಟೆಂಟ್ ಆಗಿ ಸೇರಿಕೊಂಡೆ.

ನಾಟಕದಲ್ಲಿ ನೋಡುವವರು ಎಲ್ಲಿ ಬೇಕಾದರೂ ನೋಡಬಹುದು. ಸಿನಿಮಾದಲ್ಲಿ ಎಲ್ಲಿ ನೋಡಬೇಕು ಅನ್ನುವುದು ನಿನ್ನ ಕೈಯಲ್ಲಿದೆ. ಅದು ದೊಡ್ಡ ಜವಾಬ್ದಾರಿ. ಅಜ್ಜಿಯ ದೃಶ್ಯವನ್ನೇ ತೆಗೊ. ಸಿನಿಮಾದಲ್ಲಿ ಹುರುಳಿ ಬೇಡ. ಮೈಕು ಹತ್ತಿರ ಇರುತ್ತೆ, ಅಕ್ಕಿಯ ಸದ್ದೇ ಸಾಕು. ಪಿಸುಗುಟ್ಟಿದ ಹಾಗಿರುವ ಆ ಸದ್ದೇ ಚಂದ. ಹಾಲ್‌ಗೆ ಹುರುಳಿ, ಮೈಕಿಗೆ ಅಕ್ಕಿ ಅಂತ ಗೊತ್ತಾಗಬೇಕಾದರೆ ಎರಡನ್ನೂ ಕೇರಿ ನೋಡಿರಬೇಕು. ನೀನು ಅರ್ಧ ನೋಡಿದ್ದೀಯ. ಉಳಿದರ್ಧಕ್ಕೇ ಫಿಲ್ಮ್ ಸ್ಕೂಲು.

ಹೋಗುವ ಮೊದಲು ಒಂದು ಅಭ್ಯಾಸ ಮಾಡು. ನಮ್ಮ ಕಾಲದಲ್ಲಿ 35 ಎಂಎಂ ಫಿಲ್ಮು ನಿಮಿಷಕ್ಕೆ 90 ಅಡಿ ಓಡುತ್ತಿತ್ತು. 400 ಅಡಿಯ ಒಂದು ಡಬ್ಬ ಅಂದರೆ ನಾಲ್ಕೂವರೆ ನಿಮಿಷಕ್ಕೂ ಸ್ವಲ್ಪ ಕಡಿಮೆ. ಕ್ಯಾಮೆರಾ ಸದ್ದು ಶುರುವಾದರೆ ನಿರ್ಮಾಪಕರ ಎದೆ ಹೊಡೆದುಕೊಳ್ಳುತ್ತಿತ್ತು. ಅದಕ್ಕೇ ನಾಟಕದವರ ಹಾಗೆ ರಿಹರ್ಸಲ್ ಮಾಡಿಕೊಂಡು ಬರುತ್ತಿದ್ದರು. ನಿನ್ನ ಫೋನಿಗೆ ಆ ಭಯ ಇಲ್ಲ. ಇವತ್ತು ಒಂದು ದೃಶ್ಯಕ್ಕೆ ಎರಡು ಗಂಟೆ ತೆಗೆಯುತ್ತೀರಿ, ಆಮೇಲೆ ಯಾವುದು ಇಡುವುದು ಅಂತ ತಲೆ ಕೆಡಿಸಿಕೊಳ್ಳುತ್ತೀರಿ. ನಿನಗೆ ನೀನೇ ಒಂದು ಡಬ್ಬ ಕೊಟ್ಟುಕೋ. ಒಂದು ದೃಶ್ಯಕ್ಕೆ ಒಟ್ಟು ನಾಲ್ಕೂವರೆ ನಿಮಿಷ, ಅಷ್ಟೇ. ಮೊದಲು ತಂಡದ ಜೊತೆ ಮೂರು ದಿನ ರಿಹರ್ಸಲ್ ಮಾಡು, ನಾಲ್ಕನೇ ದಿನ ಶೂಟ್ ಮಾಡು. ಆ ತುಣುಕು ನನಗೆ ಕಳಿಸು.

ಇನ್ನೊಂದು ವಿಷಯ. ಪುಣೆಯ ಇನ್‌ಸ್ಟಿಟ್ಯೂಟು 1960ರಲ್ಲಿ ಹಳೆಯ ಪ್ರಭಾತ್ ಸ್ಟುಡಿಯೋದ ಜಾಗದಲ್ಲಿ ಶುರುವಾಯಿತು. ಹೋದವರೆಲ್ಲ ನಿರ್ದೇಶನವೇ ಬೇಕು ಅನ್ನುತ್ತಾರೆ, ನೀನೂ ಅದನ್ನೇ ಬರೆದಿದ್ದೀಯ. ಶಬ್ದ ಮತ್ತು ಎಡಿಟಿಂಗ್ ವಿಭಾಗದ ಬಗ್ಗೆಯೂ ಯೋಚನೆ ಮಾಡು. ನಿನ್ನ ಕಿವಿ ಅಂಥದ್ದು. ಕೋರ್ಸು, ಫೀಸು, ಪರೀಕ್ಷೆ ಎಲ್ಲ ಆಗಾಗ ಬದಲಾಗುತ್ತೆ. ಯಾರೋ ಹೇಳಿದ್ದನ್ನು ನಂಬದೆ ಈ ವರ್ಷದ ಪ್ರಾಸ್ಪೆಕ್ಟಸ್ ನೀನೇ ಓದು. ಅಲ್ಲಿ ಹತ್ತಿರದಲ್ಲೇ ಹಳೆಯ ಸಿನಿಮಾಗಳನ್ನು ಕಾಪಾಡಿಡುವ ಫಿಲ್ಮ್ ಆರ್ಕೈವ್ಸ್ ಕೂಡ ಇದೆ. ಪಾಠ ಮುಗಿದ ಮೇಲೆ ಅಲ್ಲಿ ಹೋಗಿ ಕೂರು.

ನಮ್ಮ ಚಿದಾನಂದ ಎಸ್. ನಾಯ್ಕ್ ವಿಷಯ ನಿನಗೆ ಗೊತ್ತಿದೆ. ಮೈಸೂರಿನಲ್ಲಿ ಡಾಕ್ಟರ್ ಓದಿ ಪುಣೆಗೆ ಹೋದವರು. ಒಂದು ವರ್ಷದ ಟಿವಿ ಕೋರ್ಸಿನ ಕೊನೆಯಲ್ಲಿ ಮಾಡಿದ ಕಿರುಚಿತ್ರಕ್ಕೆ 2024ರಲ್ಲಿ ಕಾನ್ ಚಿತ್ರೋತ್ಸವದ ವಿದ್ಯಾರ್ಥಿ ವಿಭಾಗದ ಮೊದಲ ಬಹುಮಾನ ಬಂತು. ಕಥೆ ಎಲ್ಲಿಯದು? ಹುಂಜ ಕದ್ದ ಮುದುಕಿಯ ನಮ್ಮ ಜನಪದ ಕಥೆ. ಬಹುಮಾನದ ಸುದ್ದಿ ಎಲ್ಲರೂ ಓದಿದರು. ನಾನು ಗಮನಿಸಿದ್ದು ಬೇರೆ. ಅದನ್ನು ಮಾಡಿದ್ದು ನಾಲ್ಕು ವಿದ್ಯಾರ್ಥಿಗಳು ಸೇರಿ. ನಿರ್ದೇಶನ, ಕ್ಯಾಮೆರಾ, ಎಡಿಟಿಂಗ್, ಶಬ್ದ, ಹೀಗೆ ಒಬ್ಬೊಬ್ಬರು ಒಂದೊಂದು ವಿಭಾಗದವರು. ಶೂಟಿಂಗಿಗೆ ಇದ್ದದ್ದು ನಾಲ್ಕೇ ದಿನ. ನಾಲ್ಕು ದಿನದಲ್ಲಿ ಕೆಲಸ ಮುಗಿಯಬೇಕಾದರೆ ತಂಡದಲ್ಲಿ ಹೊಂದಾಣಿಕೆ ಇರಬೇಕು. ನಾಟಕದ ಹುಡುಗಿ ನೀನು, ಇದು ನಿನಗೆ ಹೇಳಿಕೊಡಬೇಕಾಗಿಲ್ಲ. ಹಾಲ್ ಗುಡಿಸಿದ್ದೀಯ, ಬೇರೆಯವರ ಮುಖಕ್ಕೆ ಬಣ್ಣ ಹಚ್ಚಿದ್ದೀಯ, ರಾತ್ರಿ ಎರಡು ಗಂಟೆಗೆ ಸೆಟ್ ಬಿಚ್ಚಿ ಲಾರಿಗೆ ಏರಿಸಿದ್ದೀಯ. ಅಲ್ಲಿ ಹೋದ ಮೇಲೂ ಯಾರದಾದರೂ ಶೂಟಿಂಗಿನಲ್ಲಿ ಕೇಬಲ್ ಹಿಡಿಯಲು ಹಿಂದೆಮುಂದೆ ನೋಡಬೇಡ.

ದುಡ್ಡಿನ ಮಾತು ಸ್ವಲ್ಪ ಆಡಲೇಬೇಕು. ನನಗೆ ಒಬ್ಬ ನಿರ್ಮಾಪಕರಿಂದ ಏಳು ತಿಂಗಳ ಸಂಬಳ ಬರಲಿಲ್ಲ. ಬಾಯಿಮಾತಿನ ಮೇಲೆ ಕೆಲಸ ಮಾಡಿದ್ದೆ, ಕೇಳಲು ಹೋದರೆ ತೋರಿಸೋಕೆ ಒಂದು ಚೀಟಿಯೂ ಇರಲಿಲ್ಲ. ಆ ವರ್ಷ ನಿನ್ನ ಅತ್ತೆಯ ಬಳೆ ಅಡವಿಟ್ಟೆ. ಅದಕ್ಕೇ ಹೇಳುತ್ತಿದ್ದೇನೆ, ಸ್ನೇಹಿತರ ಜೊತೆ ಮಾಡುವ ಐದು ನಿಮಿಷದ ಚಿತ್ರಕ್ಕೂ ಯಾರಿಗೆ ಎಷ್ಟು, ಹೆಸರು ಎಲ್ಲಿ ಬರುತ್ತೆ, ಹಕ್ಕು ಯಾರದು ಅಂತ ಕಾಗದದಲ್ಲಿ ಬರೆದುಕೋ. ನಿನ್ನ ಚಿತ್ರದಲ್ಲಿ ಕೆಲಸ ಮಾಡಿದವರಿಗೆ ಊಟ, ಬಸ್ ಚಾರ್ಜು ಮೊದಲು ಕೊಡು. ಸ್ವತಂತ್ರವಾಗಿ ಸಿನಿಮಾ ಮಾಡುತ್ತೇನೆ ಅನ್ನುವವರು ಎಷ್ಟೋ ಸಲ ಬಡವರ ದುಡಿಮೆಯನ್ನು ಬಿಟ್ಟಿ ತೆಗೆದುಕೊಳ್ಳುತ್ತಾರೆ. ನೀನು ಹಾಗೆ ಮಾಡಕೂಡದು.

ಸೀಟು ಸಿಗದಿದ್ದರೆ? ಅದನ್ನೂ ಈಗಲೇ ಯೋಚಿಸಿಡೋಣ. ಕೋಲ್ಕತ್ತದಲ್ಲಿ ಸತ್ಯಜಿತ್ ರೇ ಹೆಸರಿನ ಇನ್‌ಸ್ಟಿಟ್ಯೂಟಿದೆ. ಹೆಸರಘಟ್ಟದಲ್ಲಿ ನಮ್ಮ ಸರ್ಕಾರದ್ದೇ ಸಂಸ್ಥೆ ಇದೆ, ಕ್ಯಾಮೆರಾ, ಶಬ್ದ ಕಲಿಸುತ್ತಾರೆ. ಮೈಸೂರಿನ ವಿ.ಕೆ. ಮೂರ್ತಿ ಕ್ಯಾಮೆರಾ ಕಲಿತಿದ್ದು ಬೆಂಗಳೂರಿನ ಪಾಲಿಟೆಕ್ನಿಕ್‌ನಲ್ಲಿ, ಮುಂದೆ ಫಾಲ್ಕೆ ಪ್ರಶಸ್ತಿ ಪಡೆದ ಮೊದಲ ಛಾಯಾಗ್ರಾಹಕ ಅವರೇ. ಒಂದು ವರ್ಷ ತಡವಾದರೆ ಹೆಗ್ಗೋಡಿನಲ್ಲೇ ರಂಗಶಿಕ್ಷಣದ ಡಿಪ್ಲೊಮಾ ಮಾಡು, ನಮ್ಮನೇಲೇ ಇರು. ಯಾವುದೂ ಆಗದಿದ್ದರೆ ನಿನ್ನ ತಂಡ ಇದ್ದೇ ಇದೆ. 2015ರಲ್ಲಿ 'ತಿಥಿ' ಸಿನಿಮಾ ಸ್ವಿಟ್ಜರ್ಲೆಂಡಿನ ಲೊಕಾರ್ನೊ ಚಿತ್ರೋತ್ಸವದಲ್ಲಿ ಎರಡು ಬಹುಮಾನ ಗೆದ್ದಿತಲ್ಲ, ಅದರಲ್ಲಿ ನಟಿಸಿದವರು ಮಂಡ್ಯ ಕಡೆಯ ಹಳ್ಳಿಯ ಜನ. ಕಥೆ ಬರೆದವರಲ್ಲಿ ಒಬ್ಬರು ಆ ಊರಿನವರೇ. ಊರು ಗೊತ್ತಿದ್ದವರು ಬರೆದಿದ್ದಕ್ಕೇ ಅಷ್ಟು ಜೀವ ಬಂತು ಅಂತ ನನ್ನ ನಂಬಿಕೆ.

ಅಮ್ಮ ಬೇಡ ಅನ್ನುತ್ತಿದ್ದಾಳೆ ಅಂತ ಬರೆದಿದ್ದೀಯ. ಅವಳ ಮೇಲೆ ಸಿಟ್ಟಾಗಬೇಡ. ನಾನು ಸಂಬಳವಿಲ್ಲದೆ ಊರಿಗೆ ಬಂದ ದಿನಗಳನ್ನು ಅವಳು ಕಣ್ಣಾರೆ ನೋಡಿದವಳು. ಆ ಭಯ ನನ್ನಿಂದಲೇ ಹುಟ್ಟಿದ್ದು, ನಾನೇ ಮಾತಾಡುತ್ತೇನೆ. ನೀನು ಮಾತ್ರ ಈ ಸೆಮಿಸ್ಟರ್ ಪರೀಕ್ಷೆ ಚೆನ್ನಾಗಿ ಬರಿ. ಡಿಗ್ರಿ ಕೈಯಲ್ಲಿ ಇರಲಿ.

ಅರ್ಜಿಯನ್ನು ಮೊದಲು ಕನ್ನಡದಲ್ಲಿ ಬರಿ, ಇಂಗ್ಲಿಷು ಆಮೇಲೆ. ಭಾನುವಾರ ಬೆಳಗಿನ ಬಸ್ಸಿಗೆ ಬಾ, ಇಬ್ಬರೂ ಕೂತು ತಿದ್ದೋಣ. ಫೋನಿಗೆ ಹಾಕುವ ಸಣ್ಣ ಮೈಕು ಇದೆಯಲ್ಲ, ಅದನ್ನು ಮರೆಯದೆ ತಾ. ನಾಟಕದ ಆ ಮೊರ ನಮ್ಮ ಅಟ್ಟದ ಮೇಲೆ ಹಾಗೇ ಇದೆ. ನಿನ್ನ ಅತ್ತೆ ಅಕ್ಕಿ ತೆಗೆದಿಡುತ್ತಾಳೆ.

ಇತಿ ನಿನ್ನ ಪ್ರೀತಿಯ
ಸೋದರಮಾವ