ಎಐ ಕಲಿಸುವವರನ್ನು ಆರಿಸುವ ಮುನ್ನ ಒಂದು ಪಾಠ ಮಾಡಿಸಿ ನೋಡಿ

ಸಂಪಾದಕರಿಗೆ ನಮಸ್ಕಾರ,

ಬೆಳಗಾವಿ, ಬಾಗಲಕೋಟೆ, ವಿಜಯಪುರದ ಕಡೆ ಯಾವ ವಿಶ್ವವಿದ್ಯಾಲಯ, ಯಾವ ಇಂಜಿನಿಯರಿಂಗ್ ಕಾಲೇಜಿಗೆ ಹೋದರೂ ಈಗ ಒಂದೇ ಮಾತು: ಎಐ (ಕೃತಕ ಬುದ್ಧಿಮತ್ತೆ) ಮತ್ತು ಮಷಿನ್ ಲರ್ನಿಂಗ್ (ಡೇಟಾ ನೋಡಿ ಕಂಪ್ಯೂಟರ್ ತಾನೇ ಕಲಿಯುವ ವಿದ್ಯೆ) ಕಲಿಸುವವರು ಸಿಗುತ್ತಿಲ್ಲ. ಸೀಟುಗಳಿವೆ, ಮಕ್ಕಳು ಬರುತ್ತಿದ್ದಾರೆ, ಅಪ್ಪ ಅಮ್ಮ ಸಾಲ ಮಾಡಿ ಫೀ ಕಟ್ಟುತ್ತಿದ್ದಾರೆ. ಕಲಿಸುವವರನ್ನು ತೆಗೆದುಕೊಳ್ಳುವ ರೀತಿ ಮಾತ್ರ ಹಳೆಯದೇ. ಸರ್ಟಿಫಿಕೇಟಿನ ಫೈಲು, ಪ್ರಕಟಿಸಿದ ಸಂಶೋಧನಾ ಪೇಪರುಗಳ ಲೆಕ್ಕ, ಮೇಜಿನ ಆಚೆ ಕೂತವರ ನಾಲ್ಕು ಪ್ರಶ್ನೆ, ಅಷ್ಟೇ. ನನ್ನ ಕೋರಿಕೆ ಒಂದೇ. ಈ ಹುದ್ದೆಗೆ ಬರುವ ಪ್ರತಿ ಅಭ್ಯರ್ಥಿಯಿಂದಲೂ ನಿಜವಾದ ವಿದ್ಯಾರ್ಥಿಗಳ ಮುಂದೆ ಒಂದು ಪಾಠ ಮಾಡಿಸಿ, ಒಂದಿಷ್ಟು ನಿಜವಾದ ಡೇಟಾ ಕೈಗೆ ಕೊಟ್ಟು ಕೆಲಸ ಮಾಡಿಸಿ, ಆಮೇಲೆ ಆರಿಸಿ.

ಇದನ್ನು ಯಾಕೆ ಹೇಳುತ್ತಿದ್ದೇನೆ ಅಂದರೆ, ನಾನು ಉದ್ಯಮಬಾಗದ ಒಂದು ಫೌಂಡ್ರಿಯಲ್ಲಿ, ಅಂದರೆ ಲೋಹದ ಎರಕ ಹೊಯ್ಯುವ ಕಾರ್ಖಾನೆಯಲ್ಲಿ, ಕ್ವಾಲಿಟಿ ವಿಭಾಗ ನೋಡಿಕೊಳ್ಳುತ್ತೇನೆ. ನನ್ನ ಮಗಳು ಇದೇ ಭಾಗದ ಒಂದು ಕಾಲೇಜಿನಲ್ಲಿ ಎಐ-ಎಂಎಲ್ (ಎಐ ಮತ್ತು ಮಷಿನ್ ಲರ್ನಿಂಗ್) ಕೊನೆಯ ವರ್ಷದಲ್ಲಿದ್ದಾಳೆ. ಅವಳೂ ಅವಳ ಗೆಳತಿಯರೂ ಸೇರಿ ನಮ್ಮಲ್ಲಿಯ ಎರಕದ ಪೀಸುಗಳ ಮೇಲೆಯೇ ಪ್ರಾಜೆಕ್ಟ್ ಮಾಡಿದರು. ಹೈಡ್ರಾಲಿಕ್ ವಾಲ್ವಿನ ಬಾಡಿ, ಕೈಯಲ್ಲಿ ಹಿಡಿಯುವಷ್ಟು ದೊಡ್ಡದು. ಎರಕ ಹೊಯ್ಯುವಾಗ ಒಳಗೆ ಗ್ಯಾಸ್ ಸಿಕ್ಕಿಕೊಂಡರೆ ಬ್ಲೋ ಹೋಲ್ (ತೂತು) ಬೀಳುತ್ತದೆ, ಲೋಹ ಸರಿಯಾಗಿ ಕೂಡದಿದ್ದರೆ ಮೇಲೆ ಗೆರೆ ಬೀಳುತ್ತದೆ. ಇದನ್ನು ನಮ್ಮ ಇನ್‌ಸ್ಪೆಕ್ಷನ್ ಹುಡುಗರು ದೀಪದ ಕೆಳಗೆ ತಿರುಗಿಸಿ ತಿರುಗಿಸಿ ನೋಡಿ ಹಿಡಿಯುತ್ತಾರೆ. ಕ್ಯಾಮೆರಾ ಹಿಡಿಯಬಹುದಾ ಅನ್ನೋದು ಮಕ್ಕಳ ಪ್ರಶ್ನೆ. ಒಳ್ಳೆ ಪ್ರಶ್ನೆಯೇ.

ಫೋಟೊ ತೆಗೆದರು, ಫೋಟೊ ನೋಡಿ ಪೀಸು ಒಳ್ಳೆಯದೋ ಕೆಟ್ಟದ್ದೋ ಹೇಳುವ ಕಂಪ್ಯೂಟರ್ ಮಾಡೆಲ್ ಕಟ್ಟಿದರು. ಮೊದಲ ಸಲವೇ 97% ಅಕ್ಯುರೆಸಿ ಬಂತು, ಅಂದರೆ 100ಕ್ಕೆ 97 ಉತ್ತರ ಸರಿ. ಪ್ರಾಜೆಕ್ಟಿಗೆ ಮಾರ್ಗದರ್ಶನ ಮಾಡುವ ಅಧ್ಯಾಪಕರು, ಅಂದರೆ ಗೈಡ್, ನೋಡಿದರು, ಚೆನ್ನಾಗಿದೆ ಅಂದರು, ರಿಪೋರ್ಟ್ ಬರೆಯಿರಿ ಅಂದರು. ಈ ಸಂಖ್ಯೆಯ ಒಳಗೆ ಏನಿತ್ತು ನೋಡಿ. ಅವರ ಹತ್ತಿರ ಇದ್ದ ಫೋಟೊಗಳಲ್ಲಿ 100ಕ್ಕೆ 3 ಮಾತ್ರ ರಿಜೆಕ್ಟ್ ಪೀಸಿನವು. ಅಂದರೆ ಮಾಡೆಲ್ ಏನನ್ನೂ ಕಲಿಯದೆ ಎಲ್ಲ ಪೀಸಿಗೂ ‘ಓಕೆ’ ಅಂದರೂ 97 ಸರಿಯಾಗುತ್ತದೆ! ನಡೆದದ್ದೂ ಅದೇ. ಒಂದೂ ಕೆಟ್ಟ ಪೀಸನ್ನು ಅದು ಹಿಡಿದಿರಲಿಲ್ಲ. ನಮಗೆ ಬೇಕಿರುವುದು ಆ ಮೂರೇ ಪೀಸು. ಅವು ತಪ್ಪಿಸಿಕೊಂಡು ಹೋದರೆ ಗಿರಾಕಿ ಇಡೀ ಲಾಟ್ ವಾಪಸ್ ಕಳಿಸುತ್ತಾನೆ. ಕೆಟ್ಟ ಪೀಸುಗಳಲ್ಲಿ ಎಷ್ಟನ್ನು ಹಿಡಿದೆ ಎಂದು ಕೇಳುವ ಅಳತೆ ಬೇರೆಯೇ ಇದೆ, ಅದಕ್ಕೆ ರಿಕಾಲ್ ಅನ್ನುತ್ತಾರೆ. ಆ ಪ್ರಶ್ನೆಯನ್ನು ಮಕ್ಕಳಿಗೆ ಯಾರೂ ಕೇಳಿರಲಿಲ್ಲ.

ಆಮೇಲೆ ರಿಜೆಕ್ಟ್ ರಾಶಿಯಿಂದ ಇನ್ನಷ್ಟು ಪೀಸು ಕೊಟ್ಟೆ. ಪ್ರತಿ ಪೀಸನ್ನೂ ನಾಲ್ಕೈದು ಕಡೆಯಿಂದ ಫೋಟೊ ತೆಗೆದರು. ಎಲ್ಲ ಫೋಟೊಗಳನ್ನು ಕಲೆಸಿ, ಒಂದು ಭಾಗ ಕಲಿಕೆಗೆ, ಒಂದು ಭಾಗ ಪರೀಕ್ಷೆಗೆ ಎಂದು ಇಟ್ಟರು. ಈ ಸಲ ಕೆಟ್ಟ ಪೀಸುಗಳನ್ನೂ ಹಿಡಿಯಿತು, ಫಲಿತಾಂಶ ಇನ್ನೂ ಜಾಸ್ತಿ. ಆದರೆ ಮುಂದಿನ ವಾರದ ಹೊಸ ಲಾಟ್ ತೋರಿಸಿದರೆ ಮಾಡೆಲ್ ತಡಬಡಾಯಿಸಿತು. ಮಕ್ಕಳು ಕಂಗಾಲು. ಗೈಡ್ ಕ್ಯಾಮೆರಾ ಬದಲಿಸಿ ಅಂದರು.

ಕಾರಣ ಹಿಡಿದವರು ನಮ್ಮ ಓಣಿಯ ಒಬ್ಬ ಡಿಗ್ರಿ ಕಾಲೇಜಿನ ಸ್ಟ್ಯಾಟಿಸ್ಟಿಕ್ಸ್ ಅಧ್ಯಾಪಕರು. ಅವರು ಕೋಡ್ ನೋಡುವ ಮೊದಲೇ ಕೇಳಿದ್ದು, “ಒಂದೇ ಪೀಸಿನ ಫೋಟೊ ಎರಡೂ ಕಡೆ ಹೋಗಿದೆಯೇನಮ್ಮಾ?” ಹೋಗಿತ್ತು. ಅದೇ ಪೀಸು, ಅದೇ ಗೀರು, ಸ್ವಲ್ಪ ಓರೆಯಾಗಿ ತೆಗೆದ ಫೋಟೊ. ಮಾಡೆಲ್ ದೋಷವನ್ನು ಕಲಿತಿರಲಿಲ್ಲ, ಪೀಸನ್ನೇ ಗುರುತು ಇಟ್ಟುಕೊಂಡಿತ್ತು. ಇದಕ್ಕೆ ಡೇಟಾ ಲೀಕೇಜ್ ಅನ್ನುತ್ತಾರಂತೆ. ಪೀಸುಗಳನ್ನೇ ಮೊದಲು ಎರಡು ಗುಂಪು ಮಾಡಿ, ಆಮೇಲೆ ಫೋಟೊ ಹಂಚಬೇಕು ಎಂದು ಹೇಳಿಕೊಟ್ಟರು. ಫಲಿತಾಂಶ ಕೆಳಗೆ ಬಂತು, ಆದರೆ ಅದು ನಂಬಬಹುದಾದ ಫಲಿತಾಂಶ. ಮಕ್ಕಳು ಅವತ್ತು ಕಲಿತದ್ದು ಎರಡು ಸೆಮಿಸ್ಟರಿನಲ್ಲಿ ಕಲಿತದ್ದಕ್ಕಿಂತ ಜಾಸ್ತಿ ಎಂದು ನನ್ನ ಮಗಳೇ ಹೇಳಿದಳು.

ನಾನು ಆ ಗೈಡ್ ಅವರನ್ನು ದೂರುತ್ತಿಲ್ಲ. ಅವರು ಬೇರೆ ವಿಭಾಗದಿಂದ ಬಂದವರು, ಸೀಟು ಹೆಚ್ಚಾದಾಗ ಈ ಬ್ರಾಂಚಿಗೆ ಹಾಕಿದ್ದಾರೆ. ಪಾಠದ ಹಿಂದಿನ ರಾತ್ರಿ ತಾವೇ ವಿಡಿಯೋ ನೋಡಿ ಕಲಿತು ಬಂದು ಹೇಳಿಕೊಡುವ ಪರಿಸ್ಥಿತಿ. ಹಾಗೆ ಹಾಕಿದವರು ಯಾರು, ಆರಿಸುವಾಗ ಏನು ನೋಡಿದರು ಅನ್ನೋದು ನನ್ನ ಪ್ರಶ್ನೆ.

ಈಗ ಆ ಸ್ಟ್ಯಾಟಿಸ್ಟಿಕ್ಸ್ ಅಧ್ಯಾಪಕರ ವಿಷಯಕ್ಕೆ ಬರೋಣ. ಅವರು ಇಂಜಿನಿಯರಿಂಗ್ ಕಾಲೇಜಿನ ಎಐ-ಎಂಎಲ್ ಹುದ್ದೆಗೆ ಅರ್ಜಿ ಹಾಕಿದರೆ ಮೊದಲ ಸುತ್ತಿನಲ್ಲೇ ಹೊರಗೆ. ತಾಂತ್ರಿಕ ಶಿಕ್ಷಣದ ಕೇಂದ್ರ ಮಂಡಳಿ ಎಐಸಿಟಿಇ ನಿಯಮದಂತೆ ಅಲ್ಲಿ ಸಹಾಯಕ ಪ್ರಾಧ್ಯಾಪಕರಿಗೆ ಸಂಬಂಧಪಟ್ಟ ಬ್ರಾಂಚಿನಲ್ಲಿ ಬಿಇ, ಅದರ ಜೊತೆಗೆ ಎಂಇ ಅಥವಾ ಎಂಟೆಕ್ ಬೇಕು, ಎರಡರಲ್ಲಿ ಒಂದಕ್ಕಾದರೂ ಫಸ್ಟ್ ಕ್ಲಾಸ್ ಬೇಕು. ಅದನ್ನು ನಾವಿಲ್ಲಿ ಬದಲಿಸಲಾಗುವುದಿಲ್ಲ. ಆದರೆ ವಿಶ್ವವಿದ್ಯಾಲಯಗಳ ಎಂಎಸ್ಸಿ ವಿಭಾಗಗಳ ಮಾತು ಬೇರೆ. ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) 2018ರ ನಿಯಮದಲ್ಲಿ ಅದೇ ವಿಷಯ ಅಥವಾ ಅದಕ್ಕೆ ಹತ್ತಿರದ ವಿಷಯದ ಸ್ನಾತಕೋತ್ತರ ಪದವಿ ನಡೆಯುತ್ತದೆ. ಹಾಗಿದ್ದಾಗ ಜಾಹೀರಾತಿನಲ್ಲಿ ಗಣಿತ, ಸಂಖ್ಯಾಶಾಸ್ತ್ರ ಓದಿದವರೂ ಅರ್ಜಿ ಹಾಕಬಹುದು ಎಂದು ಬಾಯಿಬಿಟ್ಟು ಬರೆಯಲು ಏನು ತೊಂದರೆ? ಬರೆಯದೇ ಬಿಟ್ಟರೆ ಅರ್ಜಿ ಪರಿಶೀಲಿಸುವ ಗುಮಾಸ್ತರು ಪದವಿಯ ಹೆಸರು ಹೊಂದಲಿಲ್ಲ ಎಂದು ಪಕ್ಕಕ್ಕೆ ಇಟ್ಟುಬಿಡುತ್ತಾರೆ.

ಎಐ-ಎಂಎಲ್ ಎಂಬ ಹೆಸರಿನ ಬಿಇ ಪದವಿಯೇ ನಮ್ಮಲ್ಲಿ ಮೊನ್ನೆ ಮೊನ್ನೆ ಬಂದದ್ದು. ಹತ್ತು ಹದಿನೈದು ವರ್ಷ ಅನುಭವ ಇರುವವರ ಹತ್ತಿರ ಆ ಹೆಸರಿನ ಸರ್ಟಿಫಿಕೇಟ್ ಎಲ್ಲಿಂದ ಬರಬೇಕು? 2024ರ ಭೌತಶಾಸ್ತ್ರದ ನೊಬೆಲ್ ಬಂದದ್ದು ಮೆದುಳಿನ ನರಜಾಲದ ಮಾದರಿಯ ನ್ಯೂರಲ್ ನೆಟ್‌ವರ್ಕಿನ ಕೆಲಸಕ್ಕೆ. ಅದನ್ನು ಪಡೆದ ಇಬ್ಬರಲ್ಲಿ ಜಾನ್ ಹಾಪ್‌ಫೀಲ್ಡ್ ಭೌತವಿಜ್ಞಾನಿ, ಜೆಫ್ರಿ ಹಿಂಟನ್ ಮೊದಲ ಪದವಿ ಪಡೆದದ್ದು ಮನಶ್ಶಾಸ್ತ್ರದಲ್ಲಿ. ಅಷ್ಟು ದೂರ ಯಾಕೆ, ನಮ್ಮ ಹೂವಿನಹಡಗಲಿಯಲ್ಲಿ 1920ರಲ್ಲಿ ಹುಟ್ಟಿದ ಸಂಖ್ಯಾಶಾಸ್ತ್ರಜ್ಞ ಸಿ. ಆರ್. ರಾವ್ ಇಲ್ಲವೇ. ಓದಿದ್ದು ಗಣಿತ ಮತ್ತು ಸಂಖ್ಯಾಶಾಸ್ತ್ರ. ಅವರು 1945ರಲ್ಲಿ ಬರೆದ ಒಂದು ಪ್ರಬಂಧದ ವಿಚಾರಗಳನ್ನು ಇವತ್ತಿಗೂ ಮಷಿನ್ ಲರ್ನಿಂಗ್ ಓದುವವರು ಕಲಿಯುತ್ತಾರೆ. ಈ ವಿದ್ಯೆಯ ಬೇರು ಇರುವುದೇ ಗಣಿತದ ಭಾಗಗಳಾದ ಲೀನಿಯರ್ ಆಲ್ಜೀಬ್ರಾ, ಪ್ರಾಬಬಿಲಿಟಿ, ಕ್ಯಾಲ್ಕುಲಸ್‌ನಲ್ಲಿ. ಇವತ್ತು ಎಲ್ಲರ ಬಾಯಲ್ಲಿರುವ, ಚಾಟ್‌ಜಿಪಿಟಿಯಂಥವುಗಳ ಒಳಗಿನ ಟ್ರಾನ್ಸ್‌ಫಾರ್ಮರ್ ಮಾಡೆಲ್ ಬಂದದ್ದು 2017ರಲ್ಲಿ. ಅದಕ್ಕಿಂತ ಮುಂಚೆ ಓದು ಮುಗಿಸಿದ ಯಾರೂ ಅದನ್ನು ಕ್ಲಾಸಿನಲ್ಲಿ ಕಲಿತಿಲ್ಲ. ಬೇರು ಗಟ್ಟಿ ಇದ್ದವರು ತಾವೇ ಕಲಿತರು.

ಅದಕ್ಕೇ ಪಾಠ ಮಾಡಿಸಿ ನೋಡಿ ಅನ್ನುತ್ತಿರುವುದು. ಇದು ನಾನು ಹೊಸದಾಗಿ ಹುಟ್ಟಿಸಿದ ಮಾತಲ್ಲ. ಅದೇ 2018ರ ಯುಜಿಸಿ ನಿಯಮದಲ್ಲಿ ಸಂದರ್ಶನದ ಹಂತದಲ್ಲಿ ತರಗತಿ ಪಾಠ ಅಥವಾ ಸೆಮಿನಾರ್ ಮೂಲಕ ಕಲಿಸುವ ಸಾಮರ್ಥ್ಯ ಅಳೆಯಬಹುದು ಎಂದಿದೆ. ಸಹಾಯಕ ಪ್ರಾಧ್ಯಾಪಕರ ಹುದ್ದೆಗೆ ಅಂಕಗಳ ಲೆಕ್ಕ ಸಂದರ್ಶನಕ್ಕೆ ಕರೆಯುವುದಕ್ಕೆ ಮಾತ್ರ, ಆಯ್ಕೆ ಸಂದರ್ಶನದ ಮೇಲೆ ಎಂದೂ ಅದರಲ್ಲೇ ಇದೆ. ನಿಯಮ ಬಾಗಿಲು ತೆರೆದಿಟ್ಟಿರುವಾಗ ಒಳಗೆ ಹೋಗಲು ಯಾಕೆ ಹಿಂದೆಮುಂದೆ ನೋಡಬೇಕು?

ಹೇಗೆ ಮಾಡಬಹುದು ಅಂತ ನನಗೆ ತೋಚಿದ್ದು ಹೇಳುತ್ತೇನೆ. ಮೂರನೇ ವರ್ಷದ ಒಂದು ಕ್ಲಾಸಿನ ಮಕ್ಕಳನ್ನು ಕೂರಿಸಿ. ಅಭ್ಯರ್ಥಿ ಅರ್ಧ ಗಂಟೆ ಪಾಠ ಮಾಡಲಿ, ಸ್ಲೈಡ್ ಬೇಡ, ಬೋರ್ಡ್ ಮೇಲೆ. ವಿಷಯ ಹಿಂದಿನ ದಿನ ಹೇಳಿದರೆ ಸಾಕು. ಮಕ್ಕಳು ಪ್ರಶ್ನೆ ಕೇಳಲಿ, ಕೊನೆಗೆ ಒಂದು ಚೀಟಿಯಲ್ಲಿ ಏನು ಅರ್ಥವಾಯಿತು ಎಂದು ಎರಡು ಸಾಲು ಬರೆದು ಕೊಡಲಿ. ಹೇಗಿದ್ದರು ಅಂತ ಬರೆಸಬೇಡಿ, ಏನು ಅರ್ಥವಾಯಿತು ಅಂತ ಬರೆಸಿ. ಅದನ್ನು ಓದಿದರೆ ಆಯ್ಕೆ ಸಮಿತಿಗೆ ಎಲ್ಲಾ ಗೊತ್ತಾಗುತ್ತದೆ. ಆಮೇಲೆ ಒಂದು ಲ್ಯಾಪ್‌ಟಾಪ್, ತಪ್ಪುಗಳಿರುವ ಒಂದು ಡೇಟಾ ಸೆಟ್, ಒಂದು ಗಂಟೆ. ಚಾಟ್‌ಜಿಪಿಟಿ ಬಳಸಿದರೂ ಬಳಸಲಿ, ಕೋಡ್ ಬರೆದುಕೊಡುವ ಯಂತ್ರಗಳು ಈಗ ಎಲ್ಲರ ಕೈಯಲ್ಲೂ ಇವೆ. ಡೇಟಾದಲ್ಲಿ ಏನು ಕೆಟ್ಟಿದೆ, ಈ ಫಲಿತಾಂಶವನ್ನು ಯಾಕೆ ನಂಬಬಾರದು ಎಂದು ಬಾಯಿಬಿಟ್ಟು ಹೇಳುವವರು ಬೇಕು.

ಸಮಿತಿಯಲ್ಲಿ ಕೂರುವ ವಿಷಯ ತಜ್ಞರಾದರೂ ಈ ಕೆಲಸ ಸ್ವತಃ ಮಾಡುವವರಾಗಿರಲಿ. ಹುಡುಕಿಕೊಂಡು ದೂರ ಹೋಗಬೇಕಿಲ್ಲ. ಪಕ್ಕದ ಧಾರವಾಡದಲ್ಲೇ 2016ರಿಂದ ಐಐಟಿ ಇದೆ, ಟ್ರಿಪಲ್ ಐಟಿಯೂ ಇದೆ. ಬೆಳಿಗ್ಗೆ ಹೊರಟರೆ ಸಂಜೆ ಮನೆಗೆ ವಾಪಸ್ ಹೋಗಬಹುದು.

ಇನ್ನೊಂದು, ಭಾಷೆ. ಗೋಕಾಕ, ರಾಮದುರ್ಗ, ಜಮಖಂಡಿ, ಇಂಡಿ ಕಡೆಯಿಂದ ಕನ್ನಡ ಮಾಧ್ಯಮದಲ್ಲಿ ಓದಿ ಬಂದ ಮಕ್ಕಳು ಕ್ಲಾಸಿನಲ್ಲಿ ಬಹಳ ಇದ್ದಾರೆ. ಪುಸ್ತಕ ಇಂಗ್ಲಿಷಿನಲ್ಲೇ ಇರಲಿ, ಪರೀಕ್ಷೆಯೂ ಇರಲಿ. ಆದರೆ ಒಂದು ಕಠಿಣ ಜಾಗ ಬಂದಾಗ ಕನ್ನಡದಲ್ಲಿ ಒಂದು ಮಾತು ಹೇಳಿದರೆ ಹಿಂದಿನ ಬೆಂಚಿನವರೂ ತಲೆ ಎತ್ತುತ್ತಾರೆ. ಹೊರಗಿನವರು ಬರಬಾರದು ಅನ್ನುತ್ತಿಲ್ಲ, ಬರಲಿ, ಕನ್ನಡ ಕಲಿಯಲಿ. ಡೆಮೊ ಕ್ಲಾಸ್ ಮಾಡಿಸಿದರೆ ಮಕ್ಕಳಿಗೆ ತಲುಪುವವರು ಯಾರು ಅಂತ ತಾನಾಗಿಯೇ ಕಾಣುತ್ತದೆ.

ಒಳ್ಳೆಯವರು ಬಂದರೂ ನಿಲ್ಲಬೇಕಲ್ವಾ. ಯುಜಿಸಿ ವೇತನ ಶ್ರೇಣಿಯಲ್ಲಿ ಸಹಾಯಕ ಪ್ರಾಧ್ಯಾಪಕರ ಆರಂಭದ ಮೂಲ ವೇತನ 57,700 ರೂಪಾಯಿ, ಮೇಲೆ ತುಟ್ಟಿ ಭತ್ಯೆ. ಅದನ್ನು ಪೂರ್ತಿ ಕೊಟ್ಟು, ಹುದ್ದೆ ಖಾಯಂ ಮಾಡಿದರೆ ಊರು ಬಿಟ್ಟು ಹೋದ ನಮ್ಮವರೇ ಕೆಲವರು ಪುಣೆ, ಬೆಂಗಳೂರಿನಿಂದ ವಾಪಸ್ ಬರುತ್ತಾರೆ. ವಯಸ್ಸಾದ ತಂದೆ ತಾಯಿ ಇಲ್ಲಿದ್ದಾರೆ, ಮನೆ ಇದೆ, ಹೊಲ ಇದೆ. ಆದರೆ ಗಂಟೆ ಲೆಕ್ಕದ ಅತಿಥಿ ಉಪನ್ಯಾಸಕರ ಕೆಲಸಕ್ಕೆ, ಮುಂದಿನ ಸೆಮಿಸ್ಟರಿಗೆ ಇರುತ್ತೇವೋ ಇಲ್ಲವೋ ಗೊತ್ತಿಲ್ಲದ ಕೆಲಸಕ್ಕೆ ಯಾರು ಬರುತ್ತಾರೆ? ಪ್ರಾಜೆಕ್ಟ್ ಒಂದು ವರ್ಷದ್ದು. ನಡುವೆ ಗೈಡ್ ಬದಲಾದರೆ ಮಕ್ಕಳು ಮತ್ತೆ ಮೊದಲಿನಿಂದ ಕಥೆ ಹೇಳಬೇಕು. ಸೇರಿದವರನ್ನೂ ಸುಮ್ನೆ ಬಿಡುವುದಿಲ್ಲ, ಕೆಲವು ಕಡೆ ಬೇಸಿಗೆಯಲ್ಲಿ ಅಡ್ಮಿಷನ್ ಪ್ರಚಾರಕ್ಕೆ ಊರೂರು ಕಳಿಸುತ್ತಾರೆ. ಅವರು ಹೊಸದನ್ನು ಓದುವುದು ಯಾವಾಗ? ವಾರಕ್ಕೆ 16 ಗಂಟೆ ನೇರ ಪಾಠ ಎಂದು ಯುಜಿಸಿ ಹೇಳಿದೆ, ಉಳಿದ ಹೊತ್ತು ಅವರ ಓದಿಗೆ, ಮಕ್ಕಳಿಗೆ ಸಿಗಬೇಕು.

ಕೈಗಾರಿಕೆಯವರನ್ನು ಕರೆಯಲು ‘ಪ್ರೊಫೆಸರ್ ಆಫ್ ಪ್ರಾಕ್ಟೀಸ್’ ಎಂಬ ದಾರಿಯನ್ನು ಯುಜಿಸಿ 2022ರಲ್ಲೇ ಮಾಡಿದೆ. ಪಿಎಚ್‌ಡಿ ಬೇಕಿಲ್ಲ, 15 ವರ್ಷದ ಅನುಭವ ಬೇಕು, ಮಂಜೂರಾದ ಹುದ್ದೆಗಳ 10%ರ ಒಳಗೆ ಇರಬೇಕು. ಬಳಸಿಕೊಳ್ಳಲಿ, ಆದರೆ ಖಾಯಂ ಹುದ್ದೆ ತುಂಬದೇ ಇರುವುದಕ್ಕೆ ಅದು ನೆಪ ಆಗಬಾರದು.

ನಮ್ಮ ಭಾಗದಲ್ಲಿ ಈ ವಿದ್ಯೆಗೆ ಕೆಲಸ ಬೇಕಾದಷ್ಟಿದೆ. ಇಲ್ಲಿ ಫೌಂಡ್ರಿಗಳು, ಬಾಗಲಕೋಟೆ ಕಡೆ ಸಕ್ಕರೆ ಕಾರ್ಖಾನೆಗಳು, ವಿಜಯಪುರದಲ್ಲಿ ಬಣ್ಣ ನೋಡಿ ವಿಂಗಡಿಸಬೇಕಾದ ಒಣದ್ರಾಕ್ಷಿ. ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ (ವಿಟಿಯು) ಕೇಂದ್ರ ಕಚೇರಿಯೇ 1998ರಿಂದ ಬೆಳಗಾವಿಯಲ್ಲಿದೆ, ರಾಣಿ ಚನ್ನಮ್ಮ ವಿಶ್ವವಿದ್ಯಾಲಯ ಇದೆ, ವಿಜಯಪುರದಲ್ಲಿ ಮಹಿಳಾ ವಿಶ್ವವಿದ್ಯಾಲಯ ಇದೆ. ಈ ಮೂರರಲ್ಲಿ ಯಾವುದಾದರೂ ಒಂದು ಮುಂದೆ ಬಂದು, ಮುಂದಿನ ಎಐ-ಎಂಎಲ್ ನೇಮಕಾತಿಯ ಜಾಹೀರಾತಿನಲ್ಲೇ ಮೂರು ಸಾಲು ಸೇರಿಸಲಿ: ಗಣಿತ, ಸಂಖ್ಯಾಶಾಸ್ತ್ರದವರಿಗೆ ನಿಯಮದಲ್ಲಿ ಅವಕಾಶ ಇರುವ ಕಡೆ ಅವರೂ ಅರ್ಜಿ ಹಾಕಬಹುದು, ವಿದ್ಯಾರ್ಥಿಗಳ ಮುಂದೆ ಪಾಠ ಮಾಡಬೇಕು, ಒಂದು ಗಂಟೆಯ ಡೇಟಾ ಪರೀಕ್ಷೆ ಇರುತ್ತದೆ. ಪರೀಕ್ಷೆಗೆ ಎರಕದ ಪೀಸುಗಳ ಫೋಟೊ ಬೇಕಾದರೆ ನಮ್ಮ ಮಾಲೀಕರನ್ನು ಕೇಳಿದ್ದೇನೆ, ಒಪ್ಪಿದ್ದಾರೆ. ಒಳ್ಳೆ ಪೀಸಿನದು, ಕೆಟ್ಟ ಪೀಸಿನದು ಎರಡನ್ನೂ ಕೊಡುತ್ತೇವೆ.

ಇತಿ,
ಒಬ್ಬ ಪೋಷಕ, ಉದ್ಯಮಬಾಗ, ಬೆಳಗಾವಿ