ಚಿಪ್ಪಿನ ಹಿಂಬದಿಯನ್ನೂ ತೋರಿಸಿ

ಮಾನ್ಯರೇ,

ಚೀನಾದ ಹೆನಾನ್ ಪ್ರಾಂತದ ಆನ್ಯಾಂಗ್ ಬಳಿಯ ಯಿನ್‌ಶು, ಅಂದರೆ ಸುಮಾರು ಮೂರು ಸಾವಿರ ವರ್ಷ ಹಿಂದಿನ ಶಾಂಗ್ ಅರಸರ ಕೊನೆಯ ರಾಜಧಾನಿಯ ಕುರಿತು ಭಾನುವಾರದ ಪುರವಣಿಯಲ್ಲಿ ಬಂದ ಲೇಖನ ಚೆನ್ನಾಗಿತ್ತು. ಆದರೆ ‘ಅಕ್ಷರ ಕೊರೆದ ಮೂಳೆಯನ್ನು ಬೆಂಕಿಗೆ ಹಾಕಿ ಭವಿಷ್ಯ ನೋಡುತ್ತಿದ್ದರು’ ಎಂಬ ಮಾತು ತಲೆಕೆಳಗಾಗಿದೆ. ಕಾವು ಮೊದಲು, ಬರಹ ಆಮೇಲೆ. ಬೆಂಕಿಗೆ ಹಾಕುತ್ತಲೂ ಇರಲಿಲ್ಲ.

ಎತ್ತಿನ ಹೆಗಲ ಮೂಳೆ ಇಲ್ಲವೇ ಆಮೆಯ ಹೊಟ್ಟೆಯ ಕಡೆಯ ಚಿಪ್ಪನ್ನು ಕೊಯ್ದು, ಉಜ್ಜಿ ನುಣುಪು ಮಾಡಿ, ಹಿಂಬದಿಯಲ್ಲಿ ಸಾಲಾಗಿ ಜೋಡಿ ಕುಳಿ ತೋಡುತ್ತಿದ್ದರು: ಬಾದಾಮಿಯಾಕಾರದ್ದೊಂದು, ಅದಕ್ಕೆ ತಾಗಿ ದುಂಡನೆಯದೊಂದು. ಕೈಚಳಕವೆಲ್ಲ ಇಲ್ಲೇ. ತಳದಲ್ಲಿ ತೆಳುವಾದ ಪದರವಷ್ಟೇ ಉಳಿಯಬೇಕು. ದಪ್ಪ ಉಳಿದರೆ ಎಷ್ಟು ಕಾವು ಕೊಟ್ಟರೂ ಮುಂಬದಿ ಸೀಳದು, ಹೆಚ್ಚು ತೋಡಿದರೆ ತೂತು. ದುಂಡು ಕುಳಿಗೆ ಕಾವು ಮುಟ್ಟಿಸಿದಾಗ ಮುಂಬದಿಯಲ್ಲಿ ಉದ್ದಕ್ಕೊಂದು ಬಿರುಕು, ಅದಕ್ಕೆ ಅಡ್ಡಲಾಗಿ ಒಂದು ಕವಲು. ‘ಶಕುನ ಕೇಳು’ ಎಂಬ ಅರ್ಥದಲ್ಲಿ ಚೀನೀಯರು ಇಂದಿಗೂ ಬರೆಯುವ ‘卜’ ಅಕ್ಷರದ ಆಕಾರವೂ ಇದೇ.

ಕೊರೆಯುವ ಕೆಲಸ ಆಮೇಲಿನದು: ದಿನ, ಕೇಳಿದವನ ಹೆಸರು, ಪ್ರಶ್ನೆ, ಕೆಲವೊಮ್ಮೆ ಅರಸ ಹೇಳಿದ ಫಲ, ಕೊನೆಗೆ ನಡೆದದ್ದೇನು. ಎಲ್ಲವೂ ಇರುವ ತುಂಡು ಅಪರೂಪ. ಅಂಥದ್ದೊಂದು ರಾಣಿ ಫು ಹಾವ್‌ಳ ಹೆರಿಗೆಯದು. ನಮಗೆ 60 ಸಂವತ್ಸರ ಇದ್ದಂತೆ ಅವರಿಗೆ 60 ದಿನಗಳ ಚಕ್ರ. ಪ್ರಶ್ನೆ ಇಟ್ಟದ್ದು 21ನೆಯ ದಿನ. ಡಿಂಗ್, ಗೆಂಗ್ ಎಂಬುವು ಅವರ ಹತ್ತು ದಿನಗಳ ವಾರದ ದಿನಗಳ ಹೆಸರು. ಡಿಂಗ್ ದಿನ ಹೆತ್ತರೆ ಒಳ್ಳೆಯದು, ಗೆಂಗ್ ದಿನವಾದರೆ ಮಹಾಶುಭ ಎಂದ ಅರಸ ವು ಡಿಂಗ್. ಹೆರಿಗೆಯಾದದ್ದು ಇವೆರಡೂ ಅಲ್ಲದ 51ನೆಯ ದಿನ. ‘31 ದಿನಕ್ಕೆ ಹೆತ್ತಳು, ಒಳ್ಳೆಯದಾಗಲಿಲ್ಲ, ಹೆಣ್ಣು’ ಎಂದಿದೆ ಬರಹ. ನಮ್ಮ ಲೆಕ್ಕಕ್ಕೆ 30 ಬರುತ್ತದೆ. ಅವರು ಕೇಳಿದ ದಿನವನ್ನೂ ಎಣಿಸುತ್ತಿದ್ದರು.

ಇನ್ನೊಂದು ಮಾತು. 1976ರಲ್ಲಿ ಸಿಕ್ಕ ರಾಣಿ ಫು ಹಾವ್‌ಳ ಸಮಾಧಿ ಲೇಖನ ಹೇಳಿದಂತೆ ‘ಯಿನ್‌ಶುವಿನ ಅತಿ ದೊಡ್ಡದು’ ಅಲ್ಲ. ಬಾಯಿ 5.6 ಮೀಟರ್‌ಗೆ 4 ಮೀಟರ್, ಆಳ 7.5 ಮೀಟರ್, ಅಷ್ಟೇ. ಇಳಿಜಾರು ದಾರಿಗಳಿದ್ದ ಅರಸರ ದೊಡ್ಡ ಸಮಾಧಿಗಳನ್ನು ಕಳ್ಳರು ಬರಿದು ಮಾಡಿದ್ದರು; ಅರಮನೆಯ ಪ್ರದೇಶದ ಹತ್ತಿರವೇ ಇದ್ದ ಈ ಸಣ್ಣ ಗುಂಡಿ ಅವರ ಕಣ್ಣಿಗೆ ಬೀಳಲಿಲ್ಲ. ಹಾಗಾಗಿಯೇ 468 ಕಂಚಿನ ವಸ್ತುಗಳು, 755 ಜೇಡ್ ಕಲ್ಲಿನ ವಸ್ತುಗಳು, 7,000ದ ಹತ್ತಿರ ಕವಡೆಗಳು ಉಳಿದವು. ಮೂಳೆಗಳಲ್ಲಿದ್ದ ಹೆಸರೇ ಕಂಚಿನ ಪಾತ್ರೆಗಳ ಮೇಲೂ ಇದ್ದುದರಿಂದ ಸಮಾಧಿ ಯಾರದೆಂದು ತಿಳಿಯಿತು.

ನೀವು ಅಚ್ಚು ಮಾಡಿದ ಚಿತ್ರದಲ್ಲಿ ಚಿಪ್ಪಿನ ಮುಂಬದಿ ಮಾತ್ರ ಇತ್ತು. ಮುಂದಿನ ಸಲ ಕುಳಿಗಳಿರುವ ಹಿಂಬದಿಯನ್ನೂ ಪಕ್ಕದಲ್ಲಿಡಿ.

– ಪುರಾತತ್ವ ಅಧ್ಯಾಪಕರು, ಧಾರವಾಡ